ಸಿನಿಮಾ ಚೆನ್ನಾಗಿದೆ ಅಂತ ಗೊತ್ತಾಗೋಷ್ಟರಲ್ಲಿ ಥಿಯೇಟರಿಂದ ಎತ್ತಿಬಿಟ್ಟಿರ್ತಾರೆ, ಯಾಕೆ ಹಿಂಗೆ?

ನಾಗರಭಾವಿ ಹುಡುಗ

ಎಲ್ರಿಗೂ ನಮಸ್ಕಾರ. ಸುಮಾರು ದಿನದಿಂದ ತಲೇಲಿ ಕೊರೀತಿರೋ ಪ್ರಶ್ನೆ ಇದು, ಇಲ್ಲಿ ಸಿನಿಮಾ ಫೀಲ್ಡಲ್ಲಿ ಕೆಲ್ಸ ಮಾಡಿರೋರೂ ಇದ್ದೀರ ಅಂತ ಕೇಳ್ತಿದೀನಿ.

ನಾನು ಫಸ್ಟ್ ಡೇ ಫಸ್ಟ್ ಶೋಗೆ ಓಡೋನಲ್ಲ. ಸ್ಟಾರ್ ಸಿನಿಮಾ ಆದ್ರೆ ಗಲಾಟೆ ಇಳಿದ್ಮೇಲೆ ಹೋಗ್ತೀನಿ, ಹೊಸಬರದ್ದಾದ್ರೆ ನೋಡಿದೋರು ಯಾರಾದ್ರೂ ಒಂದ್ ಮಾತು ಹೇಳ್ಲಿ ಅಂತ ಕಾಯ್ತೀನಿ. ಸಂಬಳದಲ್ಲಿ ಬದುಕೋ ಬಹಳ ಜನ ಹಿಂಗೇ ಅಲ್ವಾ, ದುಡ್ಡು ಕೊಟ್ಟು ಹೋಗೋದು ಅಂದ್ಮೇಲೆ ನಂಬಿಕಸ್ಥರು ಒಬ್ರು ಹೇಳ್ಬೇಕು. ಹೋದ ತಿಂಗಳು ಏನಾಯ್ತು ಅಂದ್ರೆ, ಹೊಸ ಟೀಮಿಂದು ಒಂದು ಕನ್ನಡ ಸಿನಿಮಾ ಶುಕ್ರವಾರ ಬಂತು, ನಮ್ಮ ಆಫೀಸಲ್ಲಿ ಒಬ್ರು ಭಾನುವಾರ ನೋಡ್ಕೊಂಡು ಬಂದು ಸೋಮವಾರ ಊಟದ ಟೈಮಲ್ಲಿ ಅದರದ್ದೇ ಮಾತು, ಸೆಕೆಂಡ್ ಹಾಫಲ್ಲಿ ಅತ್ತುಬಿಟ್ಟೆ ಅಂದ್ರು, ಸಾಮಾನ್ಯಕ್ಕೆ ಯಾವ್ದನ್ನೂ ಹೊಗಳದ ಮನುಷ್ಯ ಅವ್ರು. ಸರಿ ಶನಿವಾರ ಅಮ್ಮನ್ನ ಕರ್ಕೊಂಡು ಹೋಗೋಣ ಅಂತ ಬುಧವಾರ ಆ್ಯಪ್ ತೆಗೆದ್ರೆ ಇಡೀ ಬೆಂಗಳೂರಲ್ಲಿ ಬೆರಳೆಣಿಕೆ ಶೋ, ಅದ್ರಲ್ಲೂ ಒಂದು ವೈಟ್‌ಫೀಲ್ಡ್ ಕಡೆ ಬೆಳಿಗ್ಗೆ ಹತ್ತಕ್ಕೆ ಮುಂಚೆ, ಇನ್ನೊಂದು ರಾತ್ರಿ ಹತ್ತೂವರೆ ಮೇಲೆ. ನಾವಿರೋದು ನಾಗರಭಾವಿ. ಶುಕ್ರವಾರ ನೋಡಿದ್ರೆ ಅದೂ ಇಲ್ಲ, ಸಿನಿಮಾ ಹೆಸರೇ ಕಾಣಿಸ್ತಿಲ್ಲ.

ಆಮೇಲೆ ಪ್ರೆಸ್‌ಮೀಟಲ್ಲಿ ಏನ್ ಹೇಳ್ತಾರೆ, ಜನ ಥಿಯೇಟರಿಗೆ ಬರ್ತಿಲ್ಲ, ಕನ್ನಡಿಗರು ಕನ್ನಡ ಸಿನಿಮಾ ನೋಡಲ್ಲ ಅಂತ. ಬರೋಕೆ ರೆಡಿ ಇರೋನಿಗೆ ಸಿನಿಮಾನೇ ಇಲ್ಲ ಅಲ್ಲಿ! ಓಟಿಟಿಗೆ ಬರತ್ತೆ ಬಿಡು ಅಂತಾರೆ ಫ್ರೆಂಡ್ಸು, ಅದೂ ಗ್ಯಾರಂಟಿ ಇಲ್ಲ ಈಗ, ಚಿಕ್ಕ ಕನ್ನಡ ಸಿನಿಮಾಗಳನ್ನ ಓಟಿಟಿಯೋರು ಮುಟ್ಟೋದೇ ಕಷ್ಟ ಆಗಿದೆ. 2024ರಲ್ಲಿ ರಕ್ಷಿತ್ ಶೆಟ್ಟಿ ಅವ್ರ ಪರಂವಃ ಸಂಸ್ಥೆನೇ ತಮ್ಮ ವೆಬ್ ಸೀರೀಸ್ ಏಕಂನ ಸ್ವಂತ ವೆಬ್‌ಸೈಟ್ ಮಾಡಿ ಬಿಡ್ಬೇಕಾಯ್ತು, ಇನ್ನು ಹೊಸಬರ ಪಾಡೇನು.

ನಮ್ಮಪ್ಪ ಹೇಳ್ತಾರೆ, ಅವ್ರ ಕಾಲದಲ್ಲಿ ತಿಪಟೂರಿಗೆ ಒಂದು ಸಿನಿಮಾ ಬರೋಷ್ಟರಲ್ಲಿ ಕಥೆ, ಹಾಡು, ಡೈಲಾಗು ಎಲ್ಲಾ ಊರಿಗೇ ಗೊತ್ತಿರ್ತಿತ್ತಂತೆ, ಆದ್ರೂ ಜನ ಬೀಳೋರಂತೆ. ಈಗ ಯಾಕೆ ಇಷ್ಟು ಅವಸರ? ಸೋಮವಾರಕ್ಕೆ ಸಿನಿಮಾ ಎತ್ಬೇಕು ಅಂತ ಯಾರು ತೀರ್ಮಾನ ಮಾಡೋದು, ನಿರ್ಮಾಪಕನಾ, ಥಿಯೇಟರೋರಾ? ಗೊತ್ತಿರೋರು ದಯವಿಟ್ಟು ಹೇಳಿ.

ಕೆ.ಜಿ. ರೋಡ್ ಹಳಬ

ನಾನು ಗಾಂಧಿನಗರದಲ್ಲಿ ಹಂಚಿಕೆದಾರರ ಆಫೀಸಲ್ಲಿ ಬಹಳ ವರ್ಷ ಇದ್ದೋನು, ಈಗ ಆ ಕೆಲ್ಸದಲ್ಲಿಲ್ಲ, ಹಂಗಾಗಿ ಬಿಚ್ಚಿ ಹೇಳ್ತೀನಿ. ಸ್ವಲ್ಪ ಉದ್ದ ಆಗತ್ತೆ.

ಮೊದ್ಲು ನಿಮ್ಮ ತಂದೆಯವರು ಹೇಳಿದ್ದು. ಅದು ನೂರಕ್ಕೆ ನೂರು ನಿಜ, ಅದಕ್ಕೆ ಕಾರಣ ಪ್ರಿಂಟು. ರೀಲ್ ಕಾಲದಲ್ಲಿ ಒಂದು ಪ್ರಿಂಟ್ ಹಾಕ್ಸೋಕೆ ಅರ್ಧ ಲಕ್ಷದ ಮೇಲೆ ಬೀಳೋದು, ಹಂಗಾಗಿ ಯಾವ ನಿರ್ಮಾಪಕನೂ ಇನ್ನೂರು ಕಡೆ ಒಟ್ಟಿಗೆ ಬಿಡ್ತಿರ್ಲಿಲ್ಲ. ಕೆ.ಜಿ. ರೋಡಲ್ಲಿ ಒಂದು ಮೇನ್ ಥಿಯೇಟರ್, ಸಂತೋಷ್, ನರ್ತಕಿ, ಸಾಗರ್, ತ್ರಿಭುವನ್, ಅನುಪಮ, ಭೂಮಿಕಾ ಹಿಂಗೆ ಯಾವುದಾದ್ರೂ ಒಂದು, ಅದರ ಜೊತೆ ಬಡಾವಣೆಗಳಲ್ಲಿ ಕೆಲವು, ಮೈಸೂರು ದಾವಣಗೆರೆ ಹುಬ್ಬಳ್ಳಿ ಶಿವಮೊಗ್ಗ ಥರ ಜಿಲ್ಲಾ ಕೇಂದ್ರ, ಅಷ್ಟೇ. ಅಲ್ಲಿ ಓಡಿದ ಪ್ರಿಂಟೇ ಆಮೇಲೆ ತಾಲೂಕಿಗೆ, ಅಲ್ಲಿಂದ ಹೋಬಳಿಗೆ, ಕೊನೆಗೆ ಟೆಂಟಿಗೆ. ಕೆಲವು ಸಲ ಒಂದೇ ಪ್ರಿಂಟನ್ನ ಎರಡು ಥಿಯೇಟರಲ್ಲಿ ಅರ್ಧ ಗಂಟೆ ವ್ಯತ್ಯಾಸದಲ್ಲಿ ಓಡಿಸೋರು, ಇಲ್ಲಿ ರೀಲ್ ಮುಗಿದಂಗೆಲ್ಲಾ ಹುಡುಗ ಡಬ್ಬ ಹೊತ್ಕೊಂಡು ಅಲ್ಲಿಗೆ ಓಡೋನು. ಅಂದ್ರೆ ಸಿನಿಮಾಗಿಂತ ಮುಂಚೆ ಅದರ ಸುದ್ದಿ ಊರು ಸೇರೋದು. ಬಂಗಾರದ ಮನುಷ್ಯ 1972ರಲ್ಲಿ ಸ್ಟೇಟ್ಸ್ ಥಿಯೇಟರಲ್ಲಿ, ಅದೇ ಆಮೇಲೆ ಭೂಮಿಕಾ ಆಗಿದ್ದು, ಎರಡು ವರ್ಷ ಓಡ್ತು ಅಂದ್ರೆ ಸಿನಿಮಾದ ಗುಣ ಹೌದು, ರಾಜ್‌ಕುಮಾರ್ ಹೌದು, ಅದರ ಜೊತೆ ಹಳ್ಳಿಯಿಂದ ಬೆಂಗಳೂರಿಗೆ ಬಂದೋನು ಕೆಂಪೇಗೌಡ ರೋಡಿಗೆ ಹೋಗಿ ನೋಡ್ಕೊಂಡು ಬರೋಕೆ ಅದು ಅಲ್ಲೇ ಇರ್ತಿತ್ತು.

ಈಗ ಡಿಜಿಟಲ್. ಕ್ಯೂಬ್, ಯುಎಫ್ಓ ಥರದ ಕಂಪನಿಗಳ ಮೂಲಕ ಒಂದೇ ರಾತ್ರೀಲಿ ಎಷ್ಟು ಸ್ಕ್ರೀನಿಗೆ ಬೇಕಾದ್ರೂ ಕಳಿಸ್ಬೋದು, ಪ್ರಿಂಟಿನ ಖರ್ಚು ಹೋಯ್ತು ಅಂತ ಎಲ್ರೂ ಖುಷಿ ಪಟ್ರು. ಆದ್ರೆ ಅದೇ ಗುಂಗಲ್ಲಿ ಹೊಸ ನಿರ್ಮಾಪಕನೂ ನೂರು ನೂರೈವತ್ತು ಥಿಯೇಟರ್ ಬೇಕು ಅಂತಾನೆ, ಪೇಪರ್ ಆ್ಯಡಲ್ಲಿ ಥಿಯೇಟರ್ ಪಟ್ಟಿ ಉದ್ದ ಕಾಣ್ಬೇಕು. ಪ್ರತಿ ಸ್ಕ್ರೀನಿಗೂ ಆ ಡಿಜಿಟಲ್ ಕಂಪನಿಗೆ ಫೀಸು ಕಟ್ಬೇಕು, ಸಿಂಗಲ್ ಸ್ಕ್ರೀನ್ ಆದ್ರೆ ಅದರ ಮೇಲೆ ಬಾಡಿಗೆ. ನಮ್ಮ ರಾಜ್ಯದಲ್ಲಿ ಸಿಂಗಲ್ ಸ್ಕ್ರೀನ್ ಬಹುಪಾಲು ವಾರದ ಬಾಡಿಗೆ ಲೆಕ್ಕದಲ್ಲೇ ನಡೀತಾ ಬಂದಿರೋದು, ಜನ ಬರ್ಲಿ ಬಿಡ್ಲಿ ನಿರ್ಮಾಪಕ ಬಾಡಿಗೆ ಕಟ್ಬೇಕು. ಮೊದಲನೇ ವಾರ ಶೋಗೆ ಹತ್ತು ಹದಿನೈದು ಜನ ಬಂದ್ರೆ ಎರಡನೇ ವಾರಕ್ಕೆ ಬಾಡಿಗೆ ಎಲ್ಲಿಂದ ತರ್ತಾನೆ? ತಾನೇ ಎತ್ತಿಬಿಡ್ತಾನೆ. ಥಿಯೇಟರೋರನ್ನ ಬೈಕೊಂಡು ಪ್ರಯೋಜನ ಇಲ್ಲ ಇಲ್ಲಿ, ಅವ್ರಿಗೂ ಕರೆಂಟ್ ಬಿಲ್ಲು, ಸಂಬಳ, ಕಂದಾಯ ಇದೆ.

ಮಲ್ಟಿಪ್ಲೆಕ್ಸಲ್ಲಿ ಬಾಡಿಗೆ ಇಲ್ಲ, ಪರ್ಸೆಂಟೇಜು. ತೆರಿಗೆ ಕಳೆದು ಉಳಿದಿದ್ರಲ್ಲಿ ಮೊದಲ ವಾರ ನಿರ್ಮಾಪಕನಿಗೆ ಸುಮಾರು ಅರ್ಧ, ಆಮೇಲೆ ವಾರ ವಾರ ಅವನ ಪಾಲು ಇಳೀತಾ ಹೋಗತ್ತೆ. ಯೋಚನೆ ಮಾಡಿ, ಬಾಯಿಂದ ಬಾಯಿಗೆ ಹರಡಿ ಮೂರನೇ ವಾರ ತುಂಬೋ ಸಿನಿಮಾಗೆ ಇದು ಎಂಥ ಅನ್ಯಾಯ. ಜನ ಬರೋಕೆ ಶುರುವಾದಾಗ ಅವನ ಪಾಲು ಕಮ್ಮಿ.

ಶೋ ತೀರ್ಮಾನ ಮಾಡೋರು ಮಲ್ಟಿಪ್ಲೆಕ್ಸಿನ ಪ್ರೋಗ್ರಾಮಿಂಗ್ ವಿಭಾಗದೋರು. ಶುಕ್ರ ಶನಿ ಭಾನು ಎಷ್ಟು ಸೀಟ್ ತುಂಬ್ತು ಅಂತ ನೋಡಿ ಸೋಮವಾರನೇ ಕತ್ತರಿ ಹಾಕೋಕೆ ಶುರು. ಅಲ್ಲಿ ಕನ್ನಡದ ಜೊತೆ ಹಿಂದಿ, ತೆಲುಗು, ತಮಿಳು, ಮಲಯಾಳಂ, ಇಂಗ್ಲಿಷು ಎಲ್ಲಾ ಅದೇ ಸ್ಕ್ರೀನಿಗೆ ಕಿತ್ತಾಡೋದು, ದೊಡ್ಡ ಸಿನಿಮಾದೋರು ಎರಡು ವಾರಕ್ಕೆ ದಿನಾ ಇಷ್ಟು ಶೋ ಕೊಡ್ಲೇಬೇಕು ಅಂತ ಮೊದ್ಲೇ ಒಪ್ಪಂದ ಮಾಡ್ಕೊಂಡಿರ್ತಾರೆ. ಚಿಕ್ಕೋನಿಗೆ ಉಳಿಯೋದು ಬೆಳಿಗ್ಗೆ ಮತ್ತೆ ನಡುರಾತ್ರಿ. ಬೆಳಿಗ್ಗೆ ಹತ್ತರ ಶೋಗೆ ಜನ ಇಲ್ಲ ಅಂತ ಲೆಕ್ಕ ತೋರಿಸಿ ಅದನ್ನೂ ತೆಗೀತಾರೆ. ಸಂಜೆ ಶೋ ಕೊಟ್ಟೇ ಇಲ್ಲ, ಸಂಜೆ ಜನ ಬರ್ತಿದ್ರೋ ಇಲ್ವೋ ಹೆಂಗೆ ಗೊತ್ತಾಗತ್ತೆ ಹೇಳಿ? ಇದು ನನಗೆ ಇವತ್ತಿಗೂ ಸಿಟ್ಟು ತರಿಸೋ ವಿಷ್ಯ.

ನಮ್ಮೋರದ್ದೂ ಇದೆ. ವರ್ಷಕ್ಕೆ ಇನ್ನೂರರ ಆಸುಪಾಸು ಕನ್ನಡ ಸಿನಿಮಾ ಬರ್ತವೆ, ಒಂದೊಂದು ಶುಕ್ರವಾರ ಎಂಟು ಹತ್ತು. ಐಪಿಎಲ್ ಟೈಮಲ್ಲಿ ಬೇಡ, ಪರೀಕ್ಷೆ ಟೈಮಲ್ಲಿ ಬೇಡ, ಸ್ಟಾರ್ ಸಿನಿಮಾ ಎದುರು ಬೇಡ ಅಂತ ಕಾದು ಕಾದು ಎಲ್ರೂ ಒಂದೇ ವಾರ ನುಗ್ತಾರೆ.

ಮೈಸೂರಿನ ಮನೆಯಾಕೆ

ಕೆ.ಜಿ. ರೋಡ್ ಅವ್ರು ಬರ್ದಿದ್ದು ಓದಿ ಎಷ್ಟೋ ವಿಷ್ಯ ತಿಳೀತು, ಥ್ಯಾಂಕ್ಸ್ ಸರ್. ಆದ್ರೆ ಇದರಲ್ಲಿ ಮನೆ ಲೆಕ್ಕನೂ ಒಂದಿದೆ, ಅದನ್ನ ನಾನು ಹೇಳ್ತೀನಿ.

ನಾವು ನಾಲ್ಕು ಜನ. ಮಲ್ಟಿಪ್ಲೆಕ್ಸಲ್ಲಿ ವೀಕೆಂಡ್ ಅಂದ್ರೆ ಟಿಕೆಟ್ಟು, ಆ್ಯಪಿನ ಬುಕಿಂಗ್ ಚಾರ್ಜು, ಪಾರ್ಕಿಂಗು, ಇಂಟರ್ವಲ್ಲಲ್ಲಿ ಮಕ್ಳು ಪಾಪ್‌ಕಾರ್ನ್ ಕೇಳ್ದೆ ಬಿಡಲ್ಲ, ಒಂದು ಸಿನಿಮಾಗೆ ವಾರದ ತರಕಾರಿ ಹಾಲಿನ ದುಡ್ಡಿಗಿಂತ ಜಾಸ್ತಿ ಆಗತ್ತೆ. ಇಷ್ಟು ಖರ್ಚು ಮಾಡಿ ಹೋಗೋಳು ಕಣ್ಮುಚ್ಕೊಂಡು ಹೋಗೋದಿಲ್ಲ, ವಿಚಾರಿಸ್ಕೊಂಡೇ ಹೋಗೋದು, ಆ ವಿಚಾರಿಸೋ ಒಂದು ವಾರದಲ್ಲೇ ಸಿನಿಮಾ ಮಾಯ. ಅಂದ್ರೆ ರೇಟು ಜಾಸ್ತಿ ಆಗಿರೋದ್ರಿಂದನೇ ಜನ ಕಾಯ್ತಾರೆ, ಜನ ಕಾಯೋದ್ರಿಂದ ಮೊದಲ ಮೂರು ದಿನ ಖಾಲಿ, ಖಾಲಿ ಅಂತ ಎತ್ತೋದು. ಎರಡೂ ಒಂದಕ್ಕೊಂದು ಗಂಟು ಹಾಕ್ಕೊಂಡಿವೆ.

ಸರ್ಕಾರದ 200 ರೂಪಾಯಿ ವಿಷ್ಯ ಎಲ್ರಿಗೂ ನೆನಪಿರ್ಬೇಕು. 2017ರ ಬಜೆಟ್‌ನಲ್ಲೇ ಸಿದ್ದರಾಮಯ್ಯನವ್ರು ಹೇಳಿದ್ರು, ಗಟ್ಟಿ ನಿಲ್ಲಲಿಲ್ಲ. ಮತ್ತೆ 2025ರ ಮಾರ್ಚ್ ಬಜೆಟ್ಟಲ್ಲಿ ಹೇಳಿ ಸೆಪ್ಟೆಂಬರಲ್ಲಿ ನಿಯಮ ಬಂತು, ತೆರಿಗೆ ಬಿಟ್ಟು 200, 75 ಸೀಟಿನ ಒಳಗಿನ ಪ್ರೀಮಿಯಂ ಸ್ಕ್ರೀನಿಗೆ ವಿನಾಯಿತಿ. ಮಲ್ಟಿಪ್ಲೆಕ್ಸ್ ಸಂಘದೋರೂ ಕೆಲವು ನಿರ್ಮಾಪಕರೂ ಹೈಕೋರ್ಟಿಗೆ ಹೋದ್ರು, ಅದೇ ತಿಂಗಳು ತಡೆ ಸಿಕ್ತು. ನವೆಂಬರಲ್ಲಿ ಸುಪ್ರೀಂ ಕೋರ್ಟಲ್ಲಿ ನ್ಯಾಯಮೂರ್ತಿಗಳೇ ನೀರಿಗೆ ನೂರು, ಕಾಫಿಗೆ ಏಳ್ನೂರು ಅಂದ್ರೆ ಹೆಂಗೆ, ಹಿಂಗಾದ್ರೆ ಥಿಯೇಟರು ಖಾಲಿ ಆಗತ್ತೆ ಅಂದಿದ್ದು ಪೇಪರಲ್ಲಿ ಓದಿ ನಮ್ಮನೇಲಿ ಎಲ್ರೂ ಹೌದು ಹೌದು ಅಂದ್ವಿ. ಜಿಎಸ್‌ಟಿನೂ ಅಷ್ಟೇ, 2025ರ ಸೆಪ್ಟೆಂಬರ್ 22ರಿಂದ ನೂರು ರೂಪಾಯಿ ಒಳಗಿನ ಟಿಕೆಟ್ಟಿಗೆ ಶೇ. 5, ಅದರ ಮೇಲಿನದ್ದಕ್ಕೆ ಶೇ. 18. ಅಂದ್ರೆ 200ರ ಮಿತಿ ಜಾರಿಯಾದ್ರೂ ಕೈಗೆ ಬರೋ ಹೊತ್ತಿಗೆ 236. ಮಂಗಳವಾರ ಕೆಲವು ಕಡೆ ನೂರು ನೂರೈವತ್ತಕ್ಕೆ ಟಿಕೆಟ್ ಕೊಡ್ತಾರೆ, ಒಳ್ಳೇದೇ, ಆದ್ರೆ ಮಂಗಳವಾರದ ಹೊತ್ತಿಗೆ ಚಿಕ್ಕ ಸಿನಿಮಾ ಎಲ್ಲಿರತ್ತೆ?

ಇನ್ನು ಸಿಂಗಲ್ ಸ್ಕ್ರೀನ್. ನಮ್ಮೂರಲ್ಲಿ ಶಾಂತಲಾ 2020ರಲ್ಲಿ ಮುಚ್ತು, ಆಮೇಲೆ ಲಕ್ಷ್ಮಿ ಟಾಕೀಸು. ಅವೆರಡರಲ್ಲೂ ನಮ್ಮತ್ತೆ ಮದುವೆಯಾದ ಹೊಸದ್ರಲ್ಲಿ ಮಾವನ ಜೊತೆ ಸಿನಿಮಾ ನೋಡಿದೋರು, ಸುದ್ದಿ ಕೇಳಿ ಬೇಜಾರು ಮಾಡ್ಕೊಂಡ್ರು. ಸಿಂಗಲ್ ಸ್ಕ್ರೀನ್ ಉಳೀಬೇಕು ಅನ್ನೋದು ನನಗೂ ಆಸೆ, ದೊಡ್ಡ ಪರದೆ, ಬಾಲ್ಕನಿ, ಶಿಳ್ಳೆ, ಆ ಮಜಾ ಬೇರೆ. ಆದ್ರೆ ನಾನು ಹೆಣ್ಮಕ್ಳ ಕಡೆಯಿಂದ ಒಂದು ಮಾತು ನೇರವಾಗಿ ಹೇಳ್ತೀನಿ, ಟಾಯ್ಲೆಟ್ಟು. ಒಂದು ಥಿಯೇಟರಲ್ಲಿ, ಹೆಸರು ಬೇಡ, ಲೇಡೀಸ್ ಟಾಯ್ಲೆಟ್ಟಿಗೆ ಚಿಲಕ ಇಲ್ಲ, ನೀರಿಲ್ಲ, ಹೊರಗಡೆ ದೀಪ ಇಲ್ಲ. ಮಗಳನ್ನ ಕರ್ಕೊಂಡು ಇನ್ನೊಂದ್ಸಲ ಹೆಂಗೆ ಹೋಗ್ಲಿ? ಹೆಂಗಸ್ರು ಹೋಗದ ಥಿಯೇಟರಿಗೆ ಫ್ಯಾಮಿಲಿ ಬರಲ್ಲ, ಫ್ಯಾಮಿಲಿ ಬರ್ದಿದ್ರೆ ಎರಡನೇ ವಾರ ಅನ್ನೋದು ಇಲ್ಲ. ಯಾಕಂದ್ರೆ ಎರಡನೇ ವಾರ ಬರೋರೇ ನಾವು, ಮೊದಲ ದಿನ ಪಟಾಕಿ ಹೊಡೆಯೋ ಹುಡುಗ್ರಲ್ಲ.

ಗದಗಿನ ಮಂದಿ

ಅಕ್ಕಾರ ಭಾಳ ಚಲೋ ಹೇಳಿದ್ರಿ, ಟಾಯ್ಲೆಟ್ ಮಾತು ಖರೇ ಐತಿ.

ಆದ್ರ ನಿಮ್ಮ ಬೆಂಗಳೂರಾಗ ಬುಧವಾರಕ್ಕ ಎರಡ್ಮೂರು ಶೋ ಆದ್ರೂ ಇರ್ತಾವ್ರಿ, ನಮ್ಮ ಕಡೆ ಹೊಸಬರ ಸಿನಿಮಾ ಬರೂದ ಇಲ್ಲ. ನಮ್ಮೂರಾಗ ಎರಡು ಟಾಕೀಸ್ ಇದ್ವು, ಒಂದು ಕಲ್ಯಾಣ ಮಂಟಪ ಆಗೇತಿ, ಇನ್ನೊಂದರಾಗ ಗೊಬ್ಬರ ಚೀಲ ಇಟ್ಟಾರ. ಸಿನಿಮಾ ನೋಡಬೇಕಂದ್ರ ಗದಗಿಗೆ ಇಲ್ಲಾಂದ್ರ ಹುಬ್ಬಳ್ಳಿಗೆ ಹೋಗಬೇಕು. ಹುಬ್ಬಳ್ಳಿ ಮಾಲ್‌ನಾಗ ರಾತ್ರಿ ಶೋ ಬಿಡೂ ಹೊತ್ತಿಗೆ ನಮ್ಮೂರಿಗೆ ಕಡೇ ಬಸ್ ಹೋಗಿರತೈತಿ. ಬಳ್ಳಾರಿ ರಾಯಚೂರು ಕಡೆ ನಮ್ಮ ಬೀಗರು ಅದಾರ, ಅಲ್ಲಿ ತೆಲುಗು ಸಿನಿಮಾಕ್ಕ ಮೊದಲ ಮರ್ಯಾದಿ, ಕನ್ನಡದ್ದು ಸಂದಿ ಸಿಕ್ಕಾಗ. ಅದು ಅಲ್ಲಿ ಮಂದಿ ತಪ್ಪಲ್ಲ, ತೆಲುಗಿನವ್ರು ಪಕ್ಕಾ ವ್ಯವಸ್ಥಾ ಮಾಡಿ ಕಳಸ್ತಾರ, ನಮ್ಮವ್ರಿಗೆ ತುಂಗಭದ್ರಾ ದಾಟಿದ ಮ್ಯಾಲೆ ಕರ್ನಾಟಕ ಐತಿ ಅನ್ನೂದ ಮರತ ಹೋಗೇತಿ ಅನಸ್ತದ.

ಮಂದಿ ಬರೂದಿಲ್ಲ ಅನ್ನಾವ್ರು ಒಮ್ಮೆ ಬಾದಾಮಿ ತಾಲೂಕಿನ ಬನಶಂಕರಿ ಜಾತ್ರಿಗೆ ಬರ್ರಿ. ಜನವರಿ ಸುಮಾರಿಗೆ ಆಗತೈತಿ. ಅಲ್ಲಿ ಒಂದಲ್ಲ ಎರಡಲ್ಲ, ಸಾಲಾಗಿ ನಾಟಕ ಕಂಪನಿಗಳು ಥಿಯೇಟರ್ ಹಾಕ್ತಾವ, ದಿನಕ್ಕ ಮೂರು ನಾಕು ಆಟ. ಈ ಮೊಬೈಲ್ ಕಾಲದಾಗೂ ಮಂದಿ ಟಿಕೀಟ್ ತಗೊಂಡು ನಾಟಕಾ ನೋಡ್ತಾರ್ರೀ! ಯಾಕ ಅಂದ್ರ ಕಂಪನಿ ತಿಂಗಳಗಟ್ಲೆ ಅಲ್ಲೇ ಠಿಕಾಣಿ ಹೂಡತೈತಿ. ಮೊದಲನೇ ದಿನ ನೋಡಿದಂವ ಊರಿಗೆ ಬಂದು ಕಟ್ಟಿ ಮ್ಯಾಲೆ ಕುಂತು ಹೇಳ್ತಾನ, ಆ ಕಾಮಿಡಿ ಮಾಡಾಂವ ಭಾರಿ ಅದಾನ ಅಂತ, ಮುಂದಿನ ವಾರ ಟಂಟಂ ಮಾಡ್ಕೊಂಡು ಇಡೀ ಓಣಿ ಹೋಗತೈತಿ. ಹೇಳಾಕ ಟೈಮ್ ಇರತೈತಿ, ಕೇಳಿದಾಂವ ಹೋಗಾಕೂ ಟೈಮ್ ಇರತೈತಿ. ನಿಮ್ಮ ಸಿನಿಮಾದಾಗ ಅದ ಇಲ್ಲ.

ಇನ್ನೊಂದು, ಮುಂಗಾರಿ ಬಿತ್ತಿಗಿ ಟೈಮ್‌ನಾಗ ಸಿನಿಮಾ ಬಿಟ್ಟು ಉತ್ತರ ಕರ್ನಾಟಕದಾಗ ಕಲೆಕ್ಷನ್ ಇಲ್ಲ ಅಂತಾರ. ಹೊಲದಾಗ ಇದ್ದಾಂವ ಹೆಂಗ ಬರ್ತಾನ್ರೀ. ಸುಗ್ಗಿ ಮುಗಿದು ಕೈಯಾಗ ನಾಕು ರೊಕ್ಕ ಇದ್ದಾಗ, ಊರೂರಿಗೆ ಜಾತ್ರಿ ನಡದಾಗ ತರ್ರಿ, ಹೌಸ್‌ಫುಲ್ ಬೋರ್ಡ್ ನಾವ ಹಾಕ್ತೀವಿ.

ಕುಡ್ಲದ ಹೆಣ್ಣು

ಜಾತ್ರೆ ನಾಟಕದ ಉದಾಹರಣೆ ಓದಿ ತುಂಬಾ ಖುಷಿ ಆಯ್ತು. ನಮ್ಮಲ್ಲಿಯೂ ಅದೇ ಉಂಟು ಮಾರಾಯ್ರೆ, ತುಳು ನಾಟಕ ನೋಡಿ ನೋಡಿ ಅಭ್ಯಾಸ ಆದ ಜನವೇ ತುಳು ಸಿನಿಮಾಕ್ಕೆ ಬರುದು. 2014ರಲ್ಲಿ ಚಾಲಿ ಪೋಲಿಲು ಮಂಗಳೂರಿನ ಮಲ್ಟಿಪ್ಲೆಕ್ಸಲ್ಲಿ ವರ್ಷ ದಾಟಿ ಓಡಿತು. ಇರುವುದೇ ಎರಡು ಜಿಲ್ಲೆಯ ಮಾರ್ಕೆಟ್ಟು, ಆದ್ರೂ ಓಡಿತು, ಯಾಕಂದ್ರೆ ಒಂದು ಶೋ ಆದ್ರೂ ಬಿಡದೆ ಇಟ್ಟುಕೊಂಡಿದ್ರು, ದಿನಾ ಅದೇ ಹೊತ್ತಿಗೆ ಉಂಟು ಅಂತ ಎಲ್ರಿಗೂ ಗೊತ್ತಿತ್ತು. ಮುಂಬೈಯಿಂದ ರಜೆಗೆ ಬಂದವ್ರು, ಗಲ್ಫಿಂದ ಬಂದವ್ರು, ಅವ್ರೆಲ್ಲ ಊರಿಗೆ ಬಂದಾಗ ಸಿನಿಮಾ ಇರ್ಬೇಕಲ್ಲ. ಬೆಂಗಳೂರಲ್ಲಿ ಮುಂಗಾರು ಮಳೆ ಪಿವಿಆರ್‌ನಲ್ಲಿ ವರ್ಷದ ಮೇಲೆ ಓಡ್ಲಿಲ್ವಾ? ಮಲ್ಟಿಪ್ಲೆಕ್ಸ್ ಅಂದ್ರೆ ಎತ್ತಲೇಬೇಕು ಅಂತ ಏನೂ ಇಲ್ಲ ಹಾಗಾದ್ರೆ.

ಮತ್ತೆ ಸು ಫ್ರಮ್ ಸೋ ಹೇಗೆ ಗೆದ್ದಿತು ಅಂತ ಒಮ್ಮೆ ನೋಡಿ. 2025ರ ಜುಲೈ 25ಕ್ಕೆ ರಿಲೀಸು, ಜೆ.ಪಿ. ತುಮಿನಾಡ್ ಡೈರೆಕ್ಷನ್, ರಾಜ್ ಬಿ. ಶೆಟ್ಟಿ ಅವ್ರದ್ದು ನಿರ್ಮಾಣ. ಪೋಸ್ಟರಲ್ಲಿ ದೊಡ್ಡ ಸ್ಟಾರ್ ಅಂತ ಯಾರೂ ಇಲ್ಲ. ಅವ್ರು ಎಂತ ಮಾಡಿದ್ರು ಅಂದ್ರೆ ರಿಲೀಸಿಗೆ ಮೊದಲೇ ಮಂಗಳೂರು ಸೇರಿ ಕೆಲವು ಊರಲ್ಲಿ ಟಿಕೆಟ್ ಇಟ್ಟೇ ಪ್ರೀಮಿಯರ್ ಶೋ ಮಾಡಿದ್ರು. ನೋಡಿದವ್ರು ಮನೆಗೆ ಹೋಗಿ ಹೇಳಿದ್ರು. ಶುಕ್ರವಾರ ಬರುವಾಗ ಆಗ್ಲೇ ಮಾತು ಹಬ್ಬಿತ್ತು. ಮೊದಲ ದಿನ ಕಲೆಕ್ಷನ್ ಒಂದು ಕೋಟಿಯೂ ಇಲ್ಲ, ಆದ್ರೆ ಶನಿವಾರ ಭಾನುವಾರಕ್ಕೆ ಶೋ ಹೆಚ್ಚಾಗ್ತಾ ಹೋಯ್ತು, ಆಮೇಲೆ ಟಿಕೆಟೇ ಸಿಗುದಿಲ್ಲ ಅನ್ನುವ ಹಾಗಾಯ್ತು, ಕೊನೆಗೆ ನೂರು ಕೋಟಿ ದಾಟಿತು. ನಾನು ಅಮ್ಮ ದೊಡ್ಡಮ್ಮ ಎಲ್ಲ ಒಟ್ಟಿಗೆ ನೋಡಿದ್ದು, ಹಾಲ್‌ನಲ್ಲಿ ನಗು ನಿಲ್ಲುದೇ ಇಲ್ಲ, ಮುಂದಿನ ಡೈಲಾಗ್ ಕೇಳ್ತಾ ಇರ್ಲಿಲ್ಲ. ಟಿವಿಯಲ್ಲಿ ಒಬ್ಬಳೇ ಕೂತು ನೋಡಿದ್ರೆ ಅದು ಆಗುದಿಲ್ಲ ಆಯ್ತಾ.

ಹಾಗೆ ನೋಡಿದ್ರೆ ಶುಕ್ರವಾರಕ್ಕೆ ಮೊದಲೇ ಮಾತು ಹುಟ್ಟಿಸುದು ಒಂದು ದಾರಿ. ಆದ್ರೆ ಅದಕ್ಕೆ ಸಿನಿಮಾದ ಮೇಲೆ ಭಯಂಕರ ಧೈರ್ಯ ಬೇಕು, ಚೆನ್ನಾಗಿಲ್ಲದಿದ್ರೆ ಆ ಮಾತೂ ಮೊದಲೇ ಹಬ್ಬುತ್ತದೆ.

ಮ್ಯೂನಿಕ್ ಕನ್ನಡಿಗ

ಚಿಕ್ಕದಾಗಿ ನನ್ನದೂ ಒಂದು. ಇಲ್ಲಿ ಜರ್ಮನೀಲಿ ಕನ್ನಡ ಸಿನಿಮಾ ಅಂದ್ರೆ ವೀಕೆಂಡಲ್ಲಿ ಒಂದೋ ಎರಡೋ ಶೋ. ಅದು ಗೊತ್ತಿರೋದ್ರಿಂದ ನಾವು ಕಾಯೋದಿಲ್ಲ, ಹಾಕ್ತಾರೆ ಅಂತ ಸುದ್ದಿ ಬಂದ ತಕ್ಷಣ ವಾಟ್ಸ್ಯಾಪ್ ಗ್ರೂಪಲ್ಲಿ ಹೆಸರು ಬರ್ಕೊಂಡು ಇಷ್ಟು ಜನ ಬರ್ತೀವಿ ಅಂತ ಹಾಕ್ಸೋರಿಗೆ ಮೊದ್ಲೇ ಹೇಳ್ತೀವಿ. ಪಕ್ಕದೂರಿಂದ ಎರಡು ಗಂಟೆ ಟ್ರೈನಲ್ಲಿ ಬರೋರಿದ್ದಾರೆ, ಮಕ್ಕಳಿಗೆ ಕನ್ನಡ ಕಿವಿಗೆ ಬೀಳ್ಲಿ ಅಂತಾನೇ ಕರ್ಕೊಂಡು ಬರ್ತಾರೆ, ಮುಗಿದ್ಮೇಲೆ ಥಿಯೇಟರ್ ಮುಂದೆ ಅರ್ಧ ಗಂಟೆ ನಿಂತು ಮಾತಾಡ್ತೀವಿ.

ಬೆಂಗಳೂರಲ್ಲೂ ದೊಡ್ಡ ಅಪಾರ್ಟ್‌ಮೆಂಟು, ಆಫೀಸು, ಬಡಾವಣೆ ಸಂಘ ಎಲ್ಲಾ ಇವೆ. ಮಲ್ಟಿಪ್ಲೆಕ್ಸೋರು ಗ್ರೂಪ್ ಬುಕಿಂಗ್ ಕೊಡ್ತಾರೆ, ಒಂದು ಚಿಕ್ಕ ಹಾಲ್ ತುಂಬೋಷ್ಟು ಜನ ಸೇರಿದ್ರೆ ಬೇಕಾದ ಟೈಮಿಗೆ ಶೋ ಹಾಕ್ಸ್ಬೋದು. ನವೆಂಬರ್ ಒಂದಕ್ಕೆ ಬಾವುಟ ಹಾರಿಸೋ ಸಂಘಗಳು ತಿಂಗಳಿಗೊಂದು ಇಂಥ ಶೋ ಇಟ್ಟುಕೊಂಡ್ರೆ ಎಷ್ಟು ಚೆನ್ನ.

ನಾಗರಭಾವಿ ಹುಡುಗ

ಇಷ್ಟೊಂದು ಜನ ಇಷ್ಟು ವಿವರವಾಗಿ ಬರೀತೀರ ಅಂತ ಅಂದ್ಕೊಂಡಿರ್ಲಿಲ್ಲ, ಎಲ್ರಿಗೂ ಧನ್ಯವಾದ. ಮೈಸೂರಿನ ಅಕ್ಕ ಹೇಳಿದ ಆ ಗಂಟು ನನಗೆ ಹೊಳೆದೇ ಇರ್ಲಿಲ್ಲ.

ಕೆ.ಜಿ. ರೋಡ್ ಸರ್, ಎರಡು ವಿಷ್ಯ ಕೇಳ್ಬೇಕು. ಸಂಜೆ ಶೋ ಕನ್ನಡಕ್ಕೆ ಕೊಡ್ಲೇಬೇಕು ಅಂತ ಏನಾದ್ರೂ ನಿಯಮ ಇದೆಯಾ? ಮತ್ತೆ ನಮ್ಮಂಥ ನೋಡುಗರು ಯಾವ ದಿನ ಹೋದ್ರೆ ಸಿನಿಮಾಗೆ ನಿಜವಾಗ್ಲೂ ಸಹಾಯ ಆಗತ್ತೆ?

ಕೆ.ಜಿ. ರೋಡ್ ಹಳಬ

ನಿಯಮದ ಮಾತು ಹಳೇದು. ಮೇಡಂ ಹೇಳಿದ 2017ರ ಬಜೆಟ್‌ನಲ್ಲೇ 200 ರೂಪಾಯಿ ಜೊತೆ ಇನ್ನೊಂದು ಸಾಲಿತ್ತು, ಮಲ್ಟಿಪ್ಲೆಕ್ಸಲ್ಲಿ ಮಧ್ಯಾಹ್ನ 1.30ರಿಂದ ಸಂಜೆ 7.30ರೊಳಗೆ ಕನ್ನಡ ಮತ್ತೆ ಇಲ್ಲಿನ ಪ್ರಾದೇಶಿಕ ಭಾಷೆ ಸಿನಿಮಾಗೆ ಜಾಗ ಕೊಡ್ಬೇಕು ಅಂತ. ಮಹಾರಾಷ್ಟ್ರದಲ್ಲಿ 2015ರಲ್ಲೇ ಮರಾಠಿಗೆ ಪ್ರೈಮ್ ಟೈಮ್ ಅಂತ ತಂದಿದ್ರು. ನಮ್ಮಲ್ಲಿ ರೇಟಿನ ಗಲಾಟೆ ಎಲ್ರಿಗೂ ನೆನಪಿದೆ, ಟೈಮಿನ ಸಾಲು ಯಾರಿಗೂ ನೆನಪಿಲ್ಲ. ನನ್ನ ಕೇಳಿದ್ರೆ ರೇಟಿಗಿಂತ ಮೊದ್ಲು ಜಗಳ ಆಡ್ಬೇಕಾಗಿದ್ದು ಅದಕ್ಕೆ. 236 ಕೊಟ್ಟು ಸಂಜೆ 6ರ ಶೋ ನೋಡೋಕೆ ಆಗೋದಾದ್ರೆ ಎಷ್ಟೋ ಜನ ನೋಡ್ತಾರೆ, 99ಕ್ಕೆ ಬೆಳಿಗ್ಗೆ 9.45ಕ್ಕೆ ಕೊಟ್ರೆ ಕೆಲ್ಸಕ್ಕೆ ಹೋಗೋನು ಏನ್ ಮಾಡ್ತಾನೆ?

ದಿನದ ವಿಷ್ಯ. ಶನಿವಾರ ಭಾನುವಾರ ಎಲ್ಲಾ ಸಿನಿಮಾಗೂ ಅಷ್ಟೋ ಇಷ್ಟೋ ಜನ ಇರ್ತಾರೆ, ಹಂಗಾಗಿ ಲಿಸ್ಟ್ ಮಾಡೋರು ಸೋಮವಾರದ ಬುಕಿಂಗನ್ನ ಕಣ್ಣಲ್ಲಿ ಕಣ್ಣಿಟ್ಟು ನೋಡ್ತಾರೆ. ಶುಕ್ರವಾರಕ್ಕೂ ಸೋಮವಾರಕ್ಕೂ ಹೆಚ್ಚು ವ್ಯತ್ಯಾಸ ಇಲ್ದಿದ್ರೆ ಸಿನಿಮಾ ನಿಲ್ಲತ್ತೆ ಅಂತ ಅರ್ಥ. ಚಿಕ್ಕ ಸಿನಿಮಾನ ಉಳಿಸ್ಬೇಕು ಅಂತಿದ್ರೆ ಸೋಮವಾರ ಸಂಜೆಯ ಶೋ ಇದ್ರೆ ಅದಕ್ಕೆ ಹೋಗಿ, ಭಾನುವಾರ ರಾತ್ರಿನೇ ಬುಕ್ ಮಾಡಿ. ನಾಗರಭಾವಿ ಅಂದ್ರಿ, ನಿಮಗೆ ಮಾಗಡಿ ರೋಡಿನ ವೀರೇಶ್, ಪ್ರಸನ್ನ ಹತ್ರ, ಅಲ್ಲಿ ಏನು ಹಾಕಿದಾರೆ ಅಂತ ಆ ಕಡೆ ಹೋದಾಗ ಒಂದು ಕಣ್ಣಾಡಿಸಿ.

ನಿರ್ಮಾಪಕರು ಯಾರಾದ್ರೂ ಇದನ್ನ ಓದ್ತಿದ್ರೆ ಅವ್ರಿಗೆ ನಾನು ಆಫೀಸಲ್ಲಿದ್ದಾಗ್ಲೂ ಹೇಳ್ತಿದ್ದ ಮಾತು ಇದೇ, ಹೊಸಬರ ಸಿನಿಮಾಗೆ ನೂರೈವತ್ತು ಸ್ಕ್ರೀನ್ ಬೇಡ. ಇಪ್ಪತ್ತು ಹಿಡೀರಿ, ಊರಿಗೊಂದು, ಆದ್ರೆ ಮೂರು ವಾರಕ್ಕೆ ಮಾತಾಡ್ಕೊಳ್ಳಿ, ದಿನಾ ಒಂದೇ ಹೊತ್ತಿಗೆ ಶೋ, ಬಾಡಿಗೆ ಬದ್ಲು ಪರ್ಸೆಂಟೇಜ್ ಒಪ್ಪೋ ಸಿಂಗಲ್ ಸ್ಕ್ರೀನ್ ಮಾಲೀಕರೂ ಇದ್ದಾರೆ, ಹುಡುಕಿ. ನೂರೈವತ್ತು ಸ್ಕ್ರೀನಿಗೆ ಡಿಜಿಟಲ್ ಫೀಸ್ ಕಟ್ಟೋ ದುಡ್ಡಲ್ಲಿ ಇಪ್ಪತ್ತು ಸ್ಕ್ರೀನನ್ನ ಮೂರು ವಾರ ನಿಲ್ಲಿಸ್ಬೋದು. ಗದಗಿನೋರು ಹೇಳಿದಂಗೆ ಸುಗ್ಗಿ ಆದ್ಮೇಲೆ ಆ ಕಡೆಗೆ ಬೇರೆಯಾಗಿ ತಗೊಂಡು ಹೋಗಿ, ಎಲ್ಲಾ ಕಡೆ ಒಂದೇ ಶುಕ್ರವಾರ ಅಂತ ಯಾರೂ ಕಾನೂನು ಮಾಡಿಲ್ಲ.

ಮೈಸೂರಿನ ಮನೆಯಾಕೆ

ಸರ್, ಆ ಇಪ್ಪತ್ತರಲ್ಲಿ ಒಂದು ಮಧ್ಯಾಹ್ನದ ಮ್ಯಾಟಿನಿ ಇಡೋಕೆ ಹೇಳಿ. ಮಕ್ಳು ಸ್ಕೂಲಿಂದ ಬರೋಷ್ಟರಲ್ಲಿ ನಾವು ನಾಲ್ಕೈದು ಜನ ಹೆಂಗಸ್ರು ಸೇರಿ ನೋಡ್ಕೊಂಡು ಬಂದುಬಿಡ್ತೀವಿ, ಎರಡನೇ ವಾರ ಬುಧವಾರ ಆದ್ರೂ ಸರಿ.